ಗೊತ್ತಿಲ್ಲದ ಗೋಡೆ ಮತ್ತು ಶಿಳ್ಳೆ ಬಾರದ ಮೇಷ್ಟ್ರು

"ಹದಿನಾರರ ಸ್ಪ್ಯಾನರ್! ಬೇಗ ಕೊಡಿ... ಕೈ ನೋಯ್ತಿದೆ!"

ಹಳೇ ಬಸ್ಸಿನಡಿಯ ರಿಪೇರಿ ಗುಂಡಿಯೊಳಗಿಂದ ಎಣ್ಣೆ ಮೆತ್ತಿದ ಕೈಯೊಂದು ಮೇಲೆ ಬಂದು ಗಾಳಿಯಲ್ಲಿ ಬೆರಳಾಡಿಸಿತು.

ಆ ಕೈಯ ಮುಂದೆ ನಿಂತಿದ್ದವನು ಇಸ್ತ್ರಿ ಅಂಗಿಯ ಗಣಿತದ ಮೇಷ್ಟ್ರು. ಯಾವ ಸಮೀಕರಣ ಕೊಟ್ಟರೂ ನಿದ್ದೆಗಣ್ಣಲ್ಲೇ ಬಿಡಿಸುತ್ತಿದ್ದ. ಆದರೆ ಸ್ಪ್ಯಾನರ್ ಯಾವುದು, ಇಕ್ಕಳ ಯಾವುದು ಎಂದು ಪಾಪ ಅವನಿಗೆ ಯಾರು ಹೇಳಿಕೊಟ್ಟಿದ್ದರು? ಕೈಗೆ ಸಿಕ್ಕಿದ್ದನ್ನು ಕೊಟ್ಟ.

"ಇದು ಇಕ್ಕಳ ಕಣ್ರೀ!"

"ಕ್ಷಮಿಸಿ... ಮೆಕ್ಯಾನಿಕ್ ಮೇಡಂ, ಈ ಶಾಲೆ ನಡೆಸೋ ಟೀಚರ್ ಎಲ್ಲಿ ಸಿಗ್ತಾರೆ?"

ಗುಂಡಿಯೊಳಗೆ ಏಳೆಂಟು ಮಕ್ಕಳು ಒಟ್ಟಿಗೆ ಕಿಸಕ್ಕನೆ ನಕ್ಕರು.

"ಅವರು ಗುಂಡಿಯಲ್ಲಿದ್ದಾರೆ," ಎಂದಿತು ಅದೇ ದನಿ. "ಸ್ಪ್ಯಾನರ್ ಕೊಟ್ಟರೆ ಹೊರಗೆ ಬರ್ತಾರೆ."

ಅವಳು ಏಣಿ ಹತ್ತಿ ಹೊರಗೆ ಬಂದಳು. ಮೂಗಿನ ಮೇಲೆ ಕರಿ, ಹಣೆಯ ಮೇಲೆ ಬೆವರು, ಕಣ್ಣಲ್ಲಿ ಮಾತ್ರ ಯಾರಿಗೂ ಬಗ್ಗದ ಬೆಳಕು. ಮೇಷ್ಟ್ರು ಹೇಳಬೇಕೆಂದು ಬಂದಿದ್ದ ನಾಲ್ಕು ಮಾತಿನಲ್ಲಿ ಮೂರನ್ನು ಅಲ್ಲೇ ಮರೆತ.

'ಇವರೇನಾ ಟೀಚರ್? ಅಯ್ಯೋ... ಮೆಕ್ಯಾನಿಕ್ ಅಂದುಬಿಟ್ಟೆನಲ್ಲ!'

"ನೀವು ಹೆದ್ದಾರಿ ಪಕ್ಕದ ದೊಡ್ಡ ಶಾಲೆಯಿಂದ ಬಂದವರು ತಾನೆ?" ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು. "ನಮ್ಮ ಗ್ಯಾರೇಜ್ ಶಾಲೆ ನೋಡೋಕೆ?"

ಅವನ ಮುಖ ಕೆಂಪಾಯಿತು. ಹೌದು, ದೊಡ್ಡ ಶಾಲೆಯಲ್ಲಿ ಇದನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಆ ಸುತ್ತಿನ ಹಳ್ಳಿಗಳಿಗೆಲ್ಲ ಸೇರಿ ನಾಲ್ಕು ಸರ್ಕಾರಿ ಶಾಲೆಗಳು. ಮೂರಕ್ಕೆ ಗಂಟೆ, ಸಮವಸ್ತ್ರ, ಅಂಕಪಟ್ಟಿ ಎಲ್ಲ ಇತ್ತು. ನಾಲ್ಕನೆಯದು ಮಾತ್ರ ಹಳೇ ಬಸ್ ಡಿಪೋದಲ್ಲಿ ನಡೆಯುವ ಪರ್ಯಾಯ ಶಾಲೆ. ಟಿಕೆಟ್ ಕೊಡುತ್ತಿದ್ದ ಕೋಣೆ ಆಫೀಸಾಗಿತ್ತು. ಗುಂಡಿಯ ಮೇಲೆ ನಿಂತೇ ಹೋದ ಹಳೇ ಬಸ್ಸು ಲೈಬ್ರರಿಯಾಗಿತ್ತು. ಉಳಿದ ಮೂರು ಶಾಲೆಗಳು 'ನಮ್ಮ ಕೈಲಾಗದು' ಎಂದು ಕೈ ತೊಳೆದುಕೊಂಡ ಅರವತ್ತೆರಡು ಮಕ್ಕಳು ಇಲ್ಲಿ ಓದುತ್ತಿದ್ದರು. ಅವರೆಲ್ಲ ಅವಳನ್ನು ಕರೆಯುತ್ತಿದ್ದುದು ಟೀಚರಕ್ಕ ಎಂದು.

ಈ ವರ್ಷದ ಕೊನೆಗೆ ಡಿಪೋ ಶಾಲೆಯನ್ನು ಮುಚ್ಚಿ ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸಬೇಕೆಂದು ಶಿಕ್ಷಣ ಕಚೇರಿಯಲ್ಲಿ ಮಾತು ನಡೆದಿತ್ತು. ಅದಕ್ಕೂ ಮೊದಲು ಒಬ್ಬ ಮೇಷ್ಟ್ರು ನಾಲ್ಕು ಬುಧವಾರ ಬಂದು ನೋಡಲಿ ಎಂದು ಆದೇಶವಾಗಿತ್ತು. ಹಾಗೆ ಬಂದವನು ಇವನು.

'ನೋಡಲಿ... ಕಣ್ಣು ತುಂಬಾ ನೋಡಲಿ. ನಮ್ಮ ಮಕ್ಕಳು ಯಾರಿಗೇನು ಕಡಿಮೆ?' ಟೀಚರಕ್ಕ ಮನಸ್ಸಿನಲ್ಲೇ ಸೆಟೆದು ನಿಂತಳು.

ಹೊರಡುವಾಗ ಹದಿಮೂರರ ಹುಡುಗಿಯೊಬ್ಬಳು ಅವನಿಗೆ ಅಡ್ಡ ಬಂದಳು. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರೆ ಮೂರು ಹೊಲದಾಚೆ ಕೇಳುತ್ತಿತ್ತು. ಅದಕ್ಕೇ ಅವಳಿಗೆ ಶಿಳ್ಳೆರಾಣಿ ಎಂದು ಹೆಸರು.

"ಮೇಷ್ಟ್ರೇ, ಗೋಡೆಗೆ ಬರೀದೆ ಹೋಗೋ ಹಾಗಿಲ್ಲ!"

ಮೇಷ್ಟ್ರು ಅವಳನ್ನೇ ನೋಡಿದ. ಎರಡು ವರ್ಷ ಅವನದೇ ತರಗತಿಯಲ್ಲಿ ಕೊನೆ ಬೆಂಚಿನಲ್ಲಿ ಕೂತಿದ್ದವಳು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಫೇಲಾದಳು, ಹೋದಳು. ಅವನು ಅವಳನ್ನು ಹುಡುಕಲೂ ಇಲ್ಲ. ಈಗ ಅವಳು ಸೊಂಟದ ಮೇಲೆ ಕೈಯಿಟ್ಟು ದಾರಿಗೆ ಅಡ್ಡ ನಿಂತಿದ್ದಳು!

"ಯಾವ ಗೋಡೆ?" ಅವನ ದನಿ ತಗ್ಗಿತ್ತು.

ಬಸ್ಸುಗಳ ವೇಳಾಪಟ್ಟಿ ಇದ್ದ ಉದ್ದದ ಗೋಡೆ ಅದು. ಏಳು ವರ್ಷದ ಬರಹ ಅದರ ತುಂಬ. ತಲೆಬರಹ: ಗೊತ್ತಿಲ್ಲದ ಗೋಡೆ.

"ನಿಮಗೆ ಏನು ಗೊತ್ತಿಲ್ವೋ ಅದನ್ನ ಬರೀಬೇಕು," ಶಿಳ್ಳೆರಾಣಿ ವಿವರಿಸಿದಳು. "ಗೊತ್ತಿರೋರು ಬಂದು ಕಲಿಸ್ತಾರೆ. ಕಲಿತ ಮೇಲೆ ನಿಮ್ಮ ಸಾಲಿಗೆ ನೀವೇ ಅಡ್ಡಗೆರೆ ಎಳೀಬೇಕು, ಕಲಿಸಿದವರು ಕೆಳಗೆ ಸಹಿ ಹಾಕ್ತಾರೆ. ಅಳಿಸೋ ಹಾಗಿಲ್ಲ. ಬೇರೆಯವರ ಸಾಲು ಮುಟ್ಟೋ ಹಾಗೂ ಇಲ್ಲ!"

ಅಡ್ಡಗೆರೆ ಎಳೆದ ನೂರಾರು ಸಾಲುಗಳು. ಗಡಿಯಾರ ನೋಡೋದು. ಅಮ್ಮನಿಗೆ ಕಾಗದ ಬರೆಯೋದು. ಅಳದೆ ಜಗಳ ಆಡೋದು. ನಡುವೆ ದೊಡ್ಡವರ ಕೈಬರಹದ, ಇನ್ನೂ ಗೆರೆ ಕಾಣದ ಒಂದು ಸಾಲು: 'ಭಿನ್ನರಾಶಿ ಭಾಗಿಸುವಾಗ ಯಾಕೆ ತಲೆಕೆಳಗು ಮಾಡ್ತೀವಿ? - ಟೀಚರಕ್ಕ.'

"ಇದು ನೀವು ಬರೆದದ್ದಾ?" ಅವನು ಬೆರಗಾಗಿ ತಿರುಗಿದ.

"ಹೌದು. ಹೇಗೆ ಮಾಡೋದು ಗೊತ್ತು, ಯಾಕೆ ಅನ್ನೋದು ಗೊತ್ತಿಲ್ಲ. ಗೊತ್ತಿಲ್ಲ ಅನ್ನೋಕೆ ನನಗೆ ನಾಚಿಕೆ ಇಲ್ಲ," ಎಂದಳು ಗಲ್ಲ ಎತ್ತಿ. "ನಿಮಗೆ?"

ಮೇಷ್ಟ್ರು ಪೆನ್ನು ತೆಗೆದುಕೊಂಡು ಗೋಡೆಯಲ್ಲಿ ಖಾಲಿ ಜಾಗ ಹುಡುಕಿದ. ಆಮೇಲೆ ಬಲಕ್ಕೆ ವಾಲುವ ತನ್ನ ಅಕ್ಷರದಲ್ಲಿ ಬರೆದ: 'ಶಿಳ್ಳೆ ಹೊಡೆಯೋದು.'

ಡಿಪೋದ ತಗಡಿನ ಮಾಡು ಹಾರಿಹೋಗುವಷ್ಟು ನಗು! ಟೀಚರಕ್ಕ ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ.

ಎರಡನೇ ಬುಧವಾರ ಇಡೀ ಶಾಲೆ ಅವನಿಗೆ ಶಿಳ್ಳೆ ಕಲಿಸಲು ಟೊಂಕ ಕಟ್ಟಿ ನಿಂತಿತು. ಬಂದದ್ದು ಬರೀ ಗಾಳಿ, ಅದರ ಜೊತೆ ಒಂದಿಷ್ಟು ಉಗುಳು.

"ಮೇಷ್ಟ್ರೇ, ತುಟಿ ಒಳಗೆ ಮಡಚಿ! ಒಳಗೆ!" ಶಿಳ್ಳೆರಾಣಿ ತಲೆ ಚಚ್ಚಿಕೊಂಡಳು. "ಎಷ್ಟು ಸಲ ಹೇಳೋದು?"

"ಹೀಗೆ ನಾನೂ ನಿನಗೆ ಬಯ್ತಿದ್ದೆ ಅಲ್ವಾ?" ಅವನು ಮೆಲ್ಲಗೆ ಕೇಳಿದ.

ಅವಳು ಸ್ವಲ್ಪ ಯೋಚಿಸಿದಳು. "ನೀವು ಇನ್ನೂ ಜೋರಾಗಿ ಬಯ್ತಿದ್ರಿ."

"ತಪ್ಪಾಯ್ತಮ್ಮ."

ಇದನ್ನು ಬಸ್ಸಿನ ಕಿಟಕಿಯಿಂದ ಕೇಳಿಸಿಕೊಂಡ ಟೀಚರಕ್ಕ ಜೋಡಿಸುತ್ತಿದ್ದ ಪುಸ್ತಕ ಕೈಯಲ್ಲೇ ಉಳಿಯಿತು. ಮಗುವಿನ ಬಳಿ ತಪ್ಪಾಯ್ತು ಎನ್ನುವ ಮೇಷ್ಟ್ರನ್ನು ಅವಳು ಕಂಡದ್ದು ಅದೇ ಮೊದಲು. ಎದೆಯೊಳಗೆ ಏನೋ ಸಡಿಲವಾಯಿತು.

ಮೂರನೇ ಬುಧವಾರ ಅವನು ಮೂರು ಮೀಟರ್ ಹಗ್ಗ ತಂದ.

"ಇದರಲ್ಲಿ ಮುಕ್ಕಾಲು ಮೀಟರಿನ ತುಂಡು ಎಷ್ಟು ಬರುತ್ತೆ? ಮೊದಲು ಕಾಲು ಕಾಲು ಮೀಟರಿಗೆ ಗುರುತು ಹಾಕಿ."

ಟೀಚರಕ್ಕ ಸುಣ್ಣದಕಡ್ಡಿಯಿಂದ ಗುರುತು ಹಾಕಿದಳು. "ಕಾಲು ಮೀಟರು ಹನ್ನೆರಡು ಬಂತು."

"ಅಂದ್ರೆ ಮೂರನ್ನ ನಾಲ್ಕರಿಂದ ಗುಣಿಸಿದ್ರಿ. ಈಗ ಒಂದು ಮುಕ್ಕಾಲಿಗೆ ಎಷ್ಟು ಕಾಲು ಬೇಕು?"

"ಮೂರು..." ಅವಳ ಬೆರಳು ಹಗ್ಗದ ಮೇಲೆ ಓಡಿತು. "ಮೂರು ಮೂರಾಗಿ ಹಿಡಿದ್ರೆ... ನಾಲ್ಕು ತುಂಡು! ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದೆ! ಅದಕ್ಕೇ... ಅದಕ್ಕೇನಾ ತಲೆಕೆಳಗು?"

"ಅದಕ್ಕೇ."

ಇಪ್ಪತ್ತು ವರ್ಷ ಬಾಯಿಪಾಠ ಹೇಳಿದ್ದ ಲೆಕ್ಕ ಅವಳ ಅಂಗೈಯಲ್ಲಿ ಹಗ್ಗವಾಗಿ ಕೂತಿತ್ತು. ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು. ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಅವನು ಅದನ್ನು ಬಿಡಲಿಲ್ಲ. ಅವಳೂ ಬಿಡಲಿಲ್ಲ.

ಅವಳು ತನ್ನ ಸಾಲಿಗೆ ಗೆರೆ ಎಳೆದಳು. ಅವನು ಕೆಳಗೆ ಸಹಿ ಹಾಕಿದ. ಹೋಗುವ ಮುಂಚೆ ನೋಟ್‌ಬುಕ್ ತೆಗೆದು, ಗೋಡೆಯ ಸಾಲುಗಳನ್ನು ಬರೆದುಕೊಳ್ಳಲೇ ಎಂದು ಕೇಳಿದ. ಯಾಕೆ ಎಂದು ಅವಳು ಕೇಳಲೇ ಇಲ್ಲ. ಆ ದಿನ ಅವನು ಕೇಳಿದ್ದರೆ ಬಸ್ಸನ್ನೇ ಕೊಟ್ಟುಬಿಡುತ್ತಿದ್ದಳೇನೋ!

ಶನಿವಾರ ದೊಡ್ಡ ಶಾಲೆಯ ಸಭಾಂಗಣದಲ್ಲಿ ನಾಲ್ಕೂ ಶಾಲೆಗಳ ಶಿಕ್ಷಕರ ಸಭೆ. ಮಧ್ಯದಲ್ಲಿ ಶಿಕ್ಷಣಾಧಿಕಾರಿ ಅಮ್ಮ, ಪಕ್ಕದಲ್ಲಿ ದೊಡ್ಡ ಶಾಲೆಯ ಮುಖ್ಯಸ್ಥೆ. ಊರೆಲ್ಲ ಅವರನ್ನು ದೊಡ್ಡ ಮೇಡಂ ಎಂದೇ ಕರೆಯುತ್ತಿತ್ತು.

"ಡಿಪೋ ಶಾಲೆ ಯಾಕೆ ಬೇಡ ಅಂತ ನಾನು ಹೇಳೋದೇ ಬೇಡ," ದೊಡ್ಡ ಮೇಡಂ ಒಂದು ಹಾಳೆ ಎತ್ತಿಹಿಡಿದರು. "ಅಲ್ಲಿನ ಟೀಚರೇ ಬರೆದುಕೊಂಡಿದ್ದಾರೆ, ಕೇಳಿ! ಭಿನ್ನರಾಶಿ ಭಾಗಿಸುವಾಗ ಯಾಕೆ ತಲೆಕೆಳಗು ಮಾಡ್ತೀವಿ... ಗೊತ್ತಿಲ್ಲವಂತೆ!"

ಸಭಾಂಗಣ ಗೊಳ್ಳೆಂದು ನಕ್ಕಿತು.

ಟೀಚರಕ್ಕನಿಗೆ ನಗು ಕೇಳಿಸಲಿಲ್ಲ. ಅವಳ ಕಣ್ಣು ಆ ಹಾಳೆಯ ಮೇಲಿತ್ತು. ಬಲಕ್ಕೆ ವಾಲಿದ ಅಕ್ಷರ... ಅದೇ ಅಕ್ಷರ!

'ಇದಕ್ಕಾ ಬರೆದುಕೊಂಡದ್ದು? ಇದಕ್ಕಾ ಆ ಹಗ್ಗ, ಆ ನಗು... ಎಲ್ಲ?' ಆದರೆ ಅಳುತ್ತ ಕೂರುವ ಹಾಗಿರಲಿಲ್ಲ, ಅರವತ್ತೆರಡು ಮಕ್ಕಳು ಅವಳನ್ನೇ ನಂಬಿದ್ದರು. ಅವಳು ಎದ್ದು ನಿಂತಳು.

"ಹೌದು, ನಾನೇ ಬರೆದದ್ದು," ದನಿ ನಡುಗಲಿಲ್ಲ. "ಈಗ ಗೊತ್ತು. ನಮ್ಮ ಶಾಲೆಯಲ್ಲಿ ಗೊತ್ತಿಲ್ಲ ಅಂದವರನ್ನ ನೋಡಿ ನಗಲ್ಲ, ಕಲಿಸ್ತೀವಿ. ಇಲ್ಲಿ ನಲವತ್ತು ಜನ ಇದ್ದೀರಿ. ಯಾಕೆ ತಲೆಕೆಳಗು ಅಂತ ಗೊತ್ತಿರೋರು ಕೈ ಎತ್ತಿ."

ನಗು ನಿಂತಿತು. ಕೆಲವರು ನೆಲ ನೋಡಿದರು, ಕೆಲವರು ಗಡಿಯಾರ ನೋಡಿದರು. ಇಡೀ ಸಭಾಂಗಣದಲ್ಲಿ ಒಂದೇ ಒಂದು ಕೈ ಮೇಲೆದ್ದಿತು.

ಗಣಿತದ ಮೇಷ್ಟ್ರ ಕೈ. ಅವನ ಮುಖ ಬಿಳಿಚಿತ್ತು, ತುಟಿ ಏನೋ ಹೇಳಲು ಅದುರುತ್ತಿತ್ತು. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಅಧಿಕಾರಿ ಅಮ್ಮ ಕನ್ನಡಕ ತೆಗೆದರು. "ಶುಕ್ರವಾರ ನಾನೇ ಬಂದು ನೋಡ್ತೀನಿ. ತೀರ್ಮಾನ ಅಲ್ಲೇ."

ನಾಲ್ಕನೇ ಬುಧವಾರ ಅವನು ಬಂದಾಗ ಅವಳು ಗೇಟಿನಲ್ಲೇ ನಿಂತಿದ್ದಳು.

"ಒಂದು ಮಾತು ಕೇಳಿ..."

"ಆ ಹಾಳೆಯ ಅಕ್ಷರ ಯಾರದು?"

"ನನ್ನದೇ. ಆದರೆ..."

"ಸಾಕು! ನಿಮ್ಮ ಬುಧವಾರ ಮುಗೀತು. ಹೊರಡಿ!"

ಅವನು ಸೈಕಲ್ ತಿರುಗಿಸಿಕೊಂಡು ಹೋದ. ಟೀಚರಕ್ಕ ದುಡುದುಡು ಒಳಗೆ ಬಂದು ಪೆನ್ನು ತೆಗೆದವಳೇ 'ಶಿಳ್ಳೆ ಹೊಡೆಯೋದು' ಎಂಬ ಸಾಲಿಗೆ ಗೋಡೆ ಕಿತ್ತುಬರುವ ಹಾಗೆ ಗೆರೆ ಎಳೆದಳು.

"ಟೀಚರಕ್ಕಾ!!" ಹಿಂದಿನಿಂದ ಚೀರಿದ್ದು ಶಿಳ್ಳೆರಾಣಿ. "ಅದು ನಿಮ್ಮ ಸಾಲಲ್ಲ! ಅವರಿಗೆ ಇನ್ನೂ ಬಂದೇ ಇಲ್ಲ!"

ಟೀಚರಕ್ಕನ ಕೈ ಹಾಗೆಯೇ ಉಳಿಯಿತು. ಏಳು ವರ್ಷದಲ್ಲಿ ದೊಡ್ಡವರು ಯಾರೂ ಮಾಡಿರದ ತಪ್ಪು. ಮಾಡಿದವಳು, ಆ ನಿಯಮ ಬರೆದವಳೇ!

"ಬೇರೆಯವರ ಸಾಲಿಗೆ ಗೆರೆ ಎಳೆದವರು ಅವರ ಹತ್ತಿರಾನೇ ಹೋಗಿ ಕೇಳಿಕೊಂಡು ಕರ್ಕೊಂಡು ಬರಬೇಕು," ಶಿಳ್ಳೆರಾಣಿ ಕೈ ಕಟ್ಟಿ ನಿಂತಳು. "ಹೋದ ವರ್ಷ ನನ್ನ ಕಳಿಸಿದ್ರಿ. ಅದೂ ಸುಡುಬಿಸಿಲಲ್ಲಿ!"

ಗುಂಡಿಯೊಳಗಿಂದ ಟೀಚರಕ್ಕನ ಅಪ್ಪನ ತಲೆ ಮೇಲೆ ಬಂತು. ಇದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಈಗ ಮಕ್ಕಳಿಗೆ ಎಂಜಿನ್ ಪಾಠ ಹೇಳುತ್ತಿದ್ದರು.

"ಹೋಗು ಮಗಳೇ. ರೂಲು ಮಾಡಿದವಳಿಗೆ ಮಾಫಿನಾ?"

"ಅಪ್ಪಾ, ಅವರು ನಮ್ಮ ಮಾನ ಕಳೆದವರು!"

"ಮಾನ ಕಳೆದವರು ಸಭೆಯಲ್ಲಿ ಕೈ ಯಾಕೆ ಎತ್ತುತ್ತಾರೆ? ಅದನ್ನೂ ಕೇಳಿಕೊಂಡು ಬಾ." ತಲೆ ಮತ್ತೆ ಗುಂಡಿಯೊಳಗೆ ಇಳಿಯಿತು.

ಗುರುವಾರ ಅವಳು ದೊಡ್ಡ ಶಾಲೆಯ ಮೆಟ್ಟಿಲು ಹತ್ತಿದಳು. ಕಾರಿಡಾರಿನ ಕೊನೆಯ ತರಗತಿಯಿಂದ ದೊಡ್ಡ ಮೇಡಂ ದನಿ ಕೇಳುತ್ತಿತ್ತು.

"ಮೊನ್ನೆಯೇ ಹೇಳಿದ್ದೆ, ಇದನ್ನ ಕಿತ್ತುಹಾಕಿ ಅಂತ! ಒಂದು ಹಾಳೆ ನಾನೇ ಕಿತ್ತುಕೊಂಡು ಹೋದ ಮೇಲೂ ಬುದ್ಧಿ ಬರಲಿಲ್ವಾ?"

"ತೆಗೀತೀನಿ ಮೇಡಂ," ಮೇಷ್ಟ್ರ ದನಿ ಮೆತ್ತಗಿತ್ತು, ಆದರೆ ಬಾಗಿರಲಿಲ್ಲ. "ಮಕ್ಕಳು ಎಲ್ಲಾ ಸಾಲಿಗೂ ಗೆರೆ ಎಳೆದ ಮೇಲೆ. ನಾನು ಅವರಿಗೆ ಮಾತು ಕೊಟ್ಟಿದ್ದೀನಿ. ಆ ಹಾಳೆಯನ್ನ ನನ್ನ ಕೇಳದೆ ಸಭೆಯಲ್ಲಿ ಓದಿದ್ದು ತಪ್ಪು. ಅದನ್ನ ಅಧಿಕಾರಿಗಳಿಗೂ ಬರೆದು ಕೊಟ್ಟಿದ್ದೀನಿ."

ದೊಡ್ಡ ಮೇಡಂ ದಡದಡನೆ ಹೊರಗೆ ಬಂದು, ಅವಳನ್ನು ಕಂಡು ಮುಖ ತಿರುಗಿಸಿಕೊಂಡು ಹೋದರು.

ಟೀಚರಕ್ಕ ಬಾಗಿಲಲ್ಲಿ ನಿಂತಳು. ತರಗತಿಯ ಹಿಂದಿನ ಗೋಡೆಯ ತುಂಬ ಕಂದು ಕಾಗದ. ತಲೆಬರಹ: ಗೊತ್ತಿಲ್ಲದ ಗೋಡೆ. ನಲವತ್ತಮೂರು ಮಕ್ಕಳ ಸಾಲುಗಳು. ಎಲ್ಲಕ್ಕಿಂತ ಮೇಲೆ, ಬಲಕ್ಕೆ ವಾಲಿದ ಅಕ್ಷರದಲ್ಲಿ: 'ಎರಡು ವರ್ಷ ನನ್ನೆದುರು ಕೂತಿದ್ದ ಹುಡುಗಿ ಯಾಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ?' ಅದರ ಪಕ್ಕದಲ್ಲಿ ಹಾಳೆ ಕಿತ್ತ ಖಾಲಿ ಜಾಗ, ನಾಲ್ಕು ಮೂಲೆಯಲ್ಲಿ ಉಳಿದ ಅಂಟು.

"ಇಲ್ಲಿ ನಿಮ್ಮ ಗೋಡೆಯ ಸಾಲುಗಳಿದ್ದವು," ಅವನು ಅವಳತ್ತ ನೋಡದೆ ಹೇಳಿದ. "ಇವರು ಬರೆಯೋಕೆ ಹೆದರ್ತಿದ್ರು. ನೋಡಿ, ಅಲ್ಲಿ ಟೀಚರೇ ಬರೆದಿದ್ದಾರೆ ಅಂತ ತೋರಿಸಿದೆ. ನಿಮ್ಮ ಸಾಲು ನೋಡಿದ ಮೇಲೇ ಇವರ ಪೆನ್ನು ಓಡಿದ್ದು."

ಅವಳನ್ನು ಸಭೆಯ ಮುಂದೆ ನಗೆಗೀಡು ಮಾಡಿದ್ದ ಅದೇ ಸಾಲು, ಇಲ್ಲಿ ನಲವತ್ತಮೂರು ಮಕ್ಕಳ ಬಾಯಿ ಬಿಡಿಸಿತ್ತು!

'ಎಂಥ ಕೆಲಸ ಮಾಡಿದೆ ನಾನು! ಒಂದು ಮಾತು ಕೇಳಲಿಲ್ಲವಲ್ಲ...'

"ನಾನು... ನಿಮ್ಮ ಸಾಲಿಗೆ ಗೆರೆ ಎಳೆದುಬಿಟ್ಟೆ," ಎಂದಳು ತಗ್ಗಿದ ದನಿಯಲ್ಲಿ. "ಸಿಟ್ಟಲ್ಲಿ. ತಪ್ಪಾಯ್ತು. ನಾಳೆ ಬಂದು ಸರಿ ಮಾಡಿಕೊಡ್ತೀರಾ?"

ಈಗ ಅವನು ನೋಡಿದ. ಆ ನೋಟದಲ್ಲಿ ನೋವಿತ್ತು. ಅದರ ಅಂಚಿನಲ್ಲೇ ನಗುವೂ ಇತ್ತು.

"ಶಿಳ್ಳೆ ಇನ್ನೂ ಬಂದಿಲ್ಲ ಟೀಚರಕ್ಕ."

ಶುಕ್ರವಾರ ಬೆಳಿಗ್ಗೆ ಅಧಿಕಾರಿ ಅಮ್ಮನ ಕಾರು ಡಿಪೋದ ಗೇಟಿಗೆ ಬಂತು. ಜೊತೆಗೆ ದೊಡ್ಡ ಮೇಡಂ. ಅರವತ್ತೆರಡು ಮಕ್ಕಳು ತಮ್ಮ ತಮ್ಮ ಕೆಲಸದಲ್ಲಿದ್ದರು. ಯಾರನ್ನೂ ಸಾಲಾಗಿ ನಿಲ್ಲಿಸಿರಲಿಲ್ಲ. ಟೀಚರಕ್ಕ ಮತ್ತೆ ಮತ್ತೆ ರಸ್ತೆಯತ್ತ ನೋಡುತ್ತಿದ್ದಳು. ಅವನು ಬಂದಿರಲಿಲ್ಲ.

'ಯಾಕೆ ಬರಬೇಕು? ಗೇಟಿನಿಂದ ಓಡಿಸಿದವಳು ನಾನೇ ತಾನೆ?'

ಆಗ ರಸ್ತೆಯ ತಿರುವಿನಿಂದ ಒಂದು ಸದ್ದು ಬಂತು. ಮೊದಲು ಬರೀ ಗಾಳಿ. ಆಮೇಲೆ ಒಡಕಲು ದನಿ. ಆಮೇಲೆ... ಆಮೇಲೆ ನಿಜವಾದ, ಉದ್ದದ, ಕಿವಿ ಕೊರೆಯುವ ಶಿಳ್ಳೆ!

"ಬಂತು! ಮೇಷ್ಟ್ರಿಗೆ ಬಂತು!" ಶಿಳ್ಳೆರಾಣಿ ಬಸ್ಸಿನ ಮೆಟ್ಟಿಲಿಂದ ಹಾರಿ ಓಡಿದಳು.

ಧೂಳೆಬ್ಬಿಸುತ್ತ ಮೇಷ್ಟ್ರು ನಡೆದು ಬರುತ್ತಿದ್ದ. ಹಿಂದೆ ನಲವತ್ತಮೂರು ಮಕ್ಕಳು, ಅವರ ಹೆಗಲ ಮೇಲೆ ಸುರುಳಿ ಸುತ್ತಿದ ಉದ್ದನೆಯ ಕಂದು ಕಾಗದ.

"ನಮ್ಮ ಗೋಡೆಯಲ್ಲಿ ಯಾರಿಗೂ ಬಾರದ ಹತ್ತೊಂಬತ್ತು ಸಾಲು ಉಳಿದಿವೆ," ಅವನು ಅಧಿಕಾರಿಗೆ ಹೇಳಿದ. "ಇಲ್ಲಿನ ಮಕ್ಕಳಿಗೆ ಗೊತ್ತು. ಕಲಿಯೋಕೆ ಬಂದ್ವಿ."

ಆ ಮೇಲಿನ ಎರಡು ಗಂಟೆ ಡಿಪೋದಲ್ಲಿ ಯಾರು ಯಾವ ಶಾಲೆಯವರೆಂದು ತಿಳಿಯಲಿಲ್ಲ. ಗುಂಡಿಯೊಳಗೆ ಅಪ್ಪ ಹನ್ನೊಂದು ಮಕ್ಕಳಿಗೆ ಎಂಜಿನ್ನಿನ ಹೊಟ್ಟೆ ತೋರಿಸುತ್ತಿದ್ದರು. ದೊಡ್ಡ ಶಾಲೆಯ ಮೊದಲ ರ‍್ಯಾಂಕಿನ ಹುಡುಗಿಗೆ ಶಿಳ್ಳೆರಾಣಿ ಹಗ್ಗ ಹಿಡಿಸಿ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಎರಡು ಸಲ ಫೇಲಾದ ಶಿಳ್ಳೆರಾಣಿ! ಟೀಚರಕ್ಕ ಹೆಮ್ಮೆಯಿಂದ ಅಲ್ಲೇ ನಿಂತು ನೋಡಿದಳು.

ಅಧಿಕಾರಿ ಅಮ್ಮ ಹೊರಡಲು ಎದ್ದಾಗ ಪೆನ್ನು ಅವರ ಮುಂದೆ ಬಂತು. "ಗೋಡೆಗೆ ಬರೀದೆ ಹೋಗೋ ಹಾಗಿಲ್ಲ," ಎಂದಳು ಶಿಳ್ಳೆರಾಣಿ, ಯಾರ ಮುಲಾಜೂ ಇಲ್ಲದೆ.

ಅವರು ಬರೆದರು: 'ಈ ಶಾಲೆಯನ್ನು ಮುಚ್ಚಬೇಕು ಅಂತ ನಮಗೆ ಯಾಕೆ ಅನಿಸಿತ್ತೋ ಗೊತ್ತಿಲ್ಲ.'

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ಕೂಗಿಗೆ ಮಾಡಿನ ಪಾರಿವಾಳಗಳೆಲ್ಲ ಹಾರಿದವು.

"ಶಾಲೆ ಇಲ್ಲೇ ಇರುತ್ತೆ," ಅವರು ನಕ್ಕರು. "ಇನ್ನು ಪ್ರತಿ ಬುಧವಾರ ಮೂರೂ ಶಾಲೆಯವರು ಇಲ್ಲಿಗೆ ಬರಲಿ. ನೀವೂ ಬರೀರಿ ಮೇಡಂ."

ದೊಡ್ಡ ಮೇಡಂ ಪೆನ್ನು ಹಿಡಿದು ನಿಂತೇ ನಿಂತರು. ಕೊನೆಗೆ ತೀರ ಸಣ್ಣ ಅಕ್ಷರದಲ್ಲಿ 'ಸೈಕಲ್ ಹೊಡೆಯೋದು' ಎಂದು ಬರೆದರು. "ನಾನು ಕಲಿಸ್ತೀನಿ! ನಾನು!" ಎಂದು ಆರು ಮಕ್ಕಳು ಅವರ ಕೈ ಹಿಡಿದು ಜಗ್ಗಿದರು. ಟೀಚರಕ್ಕನ ಪಕ್ಕ ಹಾದುಹೋಗುವಾಗ ಅವರು ಒಂದು ಗಳಿಗೆ ನಿಂತರು. "ಅವತ್ತು ನಗಬಾರದಿತ್ತು," ಎಂದಷ್ಟೇ ಹೇಳಿದರು.

ಮಧ್ಯಾಹ್ನಕ್ಕೆ ಗದ್ದಲ ತಗ್ಗಿತು. ಗೋಡೆಯ ಮುಂದೆ ಉಳಿದವರು ಇಬ್ಬರೇ.

ಅವನು 'ಶಿಳ್ಳೆ ಹೊಡೆಯೋದು' ಎಂಬ ಸಾಲಿನ ಮೇಲಿದ್ದ ಅವಳ ಗೆರೆಯ ಪಕ್ಕದಲ್ಲೇ ತನ್ನದೊಂದು ಗೆರೆ ಎಳೆದ.

"ನಿಮ್ಮ ಸಾಲಿಗೆ ಎರಡು ಗೆರೆ ಆಯ್ತು," ಎಂದಳು ಅವಳು. "ನನ್ನ ತಪ್ಪಿನ ಗುರುತು."

"ಇರಲಿ ಬಿಡಿ. ಗೇಟಿನಿಂದ ಓಡಿಸಿದವರೇ ನನ್ನನ್ನ ಕರೆಯೋಕೆ ಬಂದ ಗುರುತೂ ಹೌದು."

ಆಮೇಲೆ ಅವನು ಹೊಸ ಸಾಲು ಬರೆಯತೊಡಗಿದ. ಪ್ರತಿ ಅಕ್ಷರಕ್ಕೂ ಅವಳ ಎದೆ ಒಂದೊಂದು ಸಲ ತಪ್ಪಿ ಬಡಿಯಿತು. 'ಟೀಚರಕ್ಕನ ಮನಸ್ಸಲ್ಲಿ ನನಗೆ ಜಾಗ ಇದೆಯಾ, ಗೊತ್ತಿಲ್ಲ.'

ಅವಳ ಕಣ್ಣು ಮಂಜಾಯಿತು. "ಇದು ಎಲ್ಲರೂ ಓದೋ ಗೋಡೆ ಕಣ್ರೀ..."

"ಗೊತ್ತಿಲ್ಲ ಅನ್ನೋಕೆ ನನಗೀಗ ನಾಚಿಕೆ ಇಲ್ಲ. ನಿಮ್ಮಿಂದಲೇ ಕಲಿತದ್ದು." ಅವನ ದನಿ ನಡುಗಿತು. "ಕಲಿಸೋರು ಯಾರಾದ್ರೂ ಇದ್ದಾರಾ?"

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಸಾಲಿನ ಕೆಳಗೆ, ಕಲಿಸುವವರು ಸಹಿ ಹಾಕುವ ಜಾಗದಲ್ಲಿ, ತನ್ನ ಸಹಿ ಹಾಕಿದಳು.

"ಇದೆ," ಎಂದಳು. "ನೀವು ಸ್ಪ್ಯಾನರ್ ಅಂತ ಇಕ್ಕಳ ಕೊಟ್ಟ ದಿನದಿಂದಲೇ ಇದೆ. ಈಗ ಗೊತ್ತಾಯ್ತಲ್ಲ, ಗೆರೆ ಎಳೀರಿ."

ಅವನು ಪೆನ್ನು ಎತ್ತಿದ.

"ಎಳೀಬೇಡಪ್ಪ!" ಗುಂಡಿಯೊಳಗಿಂದ ಅಪ್ಪನ ದನಿ ಗುಡುಗಿತು. "ಆ ವಿಷಯ ಪೂರ್ತಿ ಗೊತ್ತಾಯ್ತು ಅಂತ ಯಾವತ್ತೂ ಅಂದುಕೋಬೇಡ. ಇವಳಮ್ಮನ ವಿಷಯದಲ್ಲಿ ಮೂವತ್ತನಾಲ್ಕು ವರ್ಷ ಆಯ್ತು, ನಾನಿನ್ನೂ ಗೆರೆ ಎಳೆದಿಲ್ಲ!"

"ಅಪ್ಪಾ! ನೀನು ಅಲ್ಲೇ ಇದ್ಯಾ?!"

"ನಾನೊಬ್ಬನೇ ಅಲ್ಲ, ಹನ್ನೊಂದು ಮಕ್ಕಳೂ ಇದ್ದಾರೆ."

ಗುಂಡಿಯೊಳಗೆ ಕಿಸಕ್ಕನೆ ನಗು. ಅವಳು ನಾಚಿ ಮುಖ ಮುಚ್ಚಿಕೊಂಡಳು. ಅವನು ಪೆನ್ನಿನ ಮುಚ್ಚಳ ಹಾಕಿದ, ಅವಳ ಮುಖದಿಂದ ಕೈ ಮೆಲ್ಲಗೆ ಬಿಡಿಸಿದ, ಬಿಡಿಸಿದ ಕೈಯನ್ನು ಹಾಗೆಯೇ ಹಿಡಿದುಕೊಂಡ.

"ಹಾಗಾದ್ರೆ ದಿನಾ ಕಲೀಬೇಕಾಗುತ್ತೆ," ಎಂದ.

"ಬುಧವಾರ ಮಾತ್ರ ಅಲ್ಲ?"

"ಬುಧವಾರ ಮಾತ್ರ ಅಲ್ಲ."